ಮಾಣಿಯ ನಡಿಗೆ

2024ರ ನವೆಂಬರ್ 28, ಗುರುವಾರ, ಸಂಜೆ ಐದು ಗಂಟೆ ನಲವತ್ತೆರಡು ನಿಮಿಷ, ಮಲಾಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಯಾರದೋ ರಬ್ಬರ್ ಚಪ್ಪಲಿಯೊಂದು ಮಗುಚಿ ಬಿದ್ದಿದೆ, ಮಗುಚಿದ ಚಪ್ಪಲಿ ಎಡಗಾಲಿನದೋ ಬಲಗಾಲಿನದೋ ತಟ್ಟನೆ ಹೇಳಲು ಬರುವುದಿಲ್ಲ, ಧಾತ್ರಿ ಅದನ್ನೇ ನೋಡುತ್ತ ನಿಂತಿದ್ದಾಳೆ, ನೋಡಬೇಕಾದದ್ದು ಕೈಯಲ್ಲಿರುವ ಫೋನನ್ನು, ಆದರೆ ಅದರ ಪರದೆಯನ್ನು ಅವಳೇ ಆರಿಸಿದ್ದಾಳೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಒಮ್ಮೆ ತೆರೆದದ್ದು, ಒಂದು ಕೆಂಪು ಸಾಲು ಕಂಡದ್ದು, ಕೂಡಲೇ ಮುಚ್ಚಿದ್ದು — ಕೆಂಪು ಎಂದರೆ ಅಳಿಸಬೇಕಾದ ಸಾಲು, ಅವಳು ಬರೆದ ಕಂಪ್ಯೂಟರ್ ಕೋಡಿಗೆ ಯಾರಾದರೂ ತಿದ್ದುಪಡಿ ಸೂಚಿಸಿದರೆ ಹೋಗಬೇಕಾದದ್ದು ಕೆಂಪಾಗಿಯೂ ಬರಬೇಕಾದದ್ದು ಅದರ ಕೆಳಗೆ ಹಸಿರಾಗಿಯೂ ಕಾಣುತ್ತದೆ, ಹಸಿರಿನವರೆಗೆ ಅವಳ ಕಣ್ಣು ಹೋಗಲೇ ಇಲ್ಲ, ಕೆಂಪಿನಲ್ಲೇ ನಿಂತುಬಿಟ್ಟಿತು, ಮೂರನೆಯ ಚಿತ್ರ, ಇನ್ನೂರ ಇಪ್ಪತ್ತು ಮಿಲಿಸೆಕೆಂಡು. ಆ ಸಾಲು ಹೋದರೆ ಚೆನ್ನಯನ ನಡಿಗೆ ಹೋಗುತ್ತದೆ. ಚೆನ್ನಯ ಹೋಗಿ ಎರಡು ವರ್ಷವಾಯಿತು, ಗಂಡನ ಅಂಗಿಗಳನ್ನು ಕೊಟ್ಟಾಯಿತು, ಕನ್ನಡಕವನ್ನೂ ಕೊಟ್ಟಾಯಿತು, ನಡಿಗೆ ಮಾತ್ರ ಇನ್ನೂ ಇದೆ, ಜಗತ್ತಿನಲ್ಲಿ ಒಂದೇ ಕಡೆ ಇದೆ, ಅವಳು ಬರೆದ ಆ ಒಂದು ಸಾಲಿನಲ್ಲಿ, ಅದನ್ನು ಅಳಿಸಲು ಹೊರಟವಳು ಯಕ್ಷಿತಾ, ಮಗಳು, ಹದಿನಾರರ ಹುಡುಗಿ, ಅಮ್ಮನ ಲೈಬ್ರರಿಗೆ ಅವಳು ಕಳಿಸಿದ ಮೊದಲ ತಿದ್ದುಪಡಿ, ನಡಿಗೆಯ ದೋಷ ಸರಿಪಡಿಸಿದ್ದು ಎಂದು ಅದರ ತಲೆಬರಹ, ದೋಷ, ಆ ಪದ ಅವಳಿಗೆ ಹೇಗೆ ಬಂತು, ಬರದೆ ಏನು, ಅಪ್ಪನ ಕಾಲಿನ ವಿಷಯ ಅವಳಿಗೆ ಹೇಳಿದವರು ಯಾರು, ಹೇಳಬಾರದು ಅಂತ ತಾನೇ ಮಾತಾಗಿದ್ದು, ಚರ್ಚ್‌ಗೇಟಿಗೆ ಹೋಗುವ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಧೀಮಿ ಲೋಕಲ್ ಬರುತ್ತಿದೆಯಂತೆ, ಧ್ವನಿವರ್ಧಕ ಮೂರು ಭಾಷೆಯಲ್ಲಿ ಹೇಳುತ್ತಿದೆ, ಏಳು ಗಂಟೆಗೆ ಹೊಸ ಆವೃತ್ತಿ ಬಿಡುಗಡೆ ಮಾಡುತ್ತೇನೆಂದು ತಾನೂ ಸಾರಿಬಿಟ್ಟಾಗಿದೆ, ಅಷ್ಟರೊಳಗೆ ಮಗಳಿಗೆ ಹೌದು ಅನ್ನಬೇಕು ಇಲ್ಲವೆ ಅಲ್ಲ ಅನ್ನಬೇಕು.

ಹೆಂಗಸರ ಡಬ್ಬಿಯಲ್ಲಿ ಬಾಗಿಲ ಪಕ್ಕದ ಕಂಬಕ್ಕೆ ಬೆನ್ನು ಸಿಕ್ಕಿತು, ಅದೇ ಪುಣ್ಯ, ಮಲ್ಲಿಗೆ ಮುಡಿದ ಯಾವಳೋ ಜೋಗೇಶ್ವರಿ ಉತರ್‌ನಾ ಹೈ ಕ್ಯಾ ಅನ್ನುತ್ತಾಳೆ, ಇಲ್ಲ ಇಳಿಯುವುದು ಅಂಧೇರಿ, ಧಾತ್ರಿ ತಲೆಯಾಡಿಸುತ್ತಾಳೆ, ಲೈಬ್ರರಿ ಅಂದ್ರೆ ಪುಸ್ತಕ ಇಡೋದಾ ಅಂತ ಅತ್ತಿಗೆ ಕೇಳಿದ್ದಳು ಒಮ್ಮೆ, ಚೆನ್ನಯನೇ ಉತ್ತರ ಕೊಟ್ಟದ್ದು, ಅಲ್ಲ ಮಾರಾಯ್ತಿ, ಇದು ಇಡ್ಲಿ ಹಿಟ್ಟು ಮಾರಿದ ಹಾಗೆ, ಇಡ್ಲಿ ನಾವು ಮಾಡಿ ಕೊಡುದಿಲ್ಲ, ರುಬ್ಬಿ ಹುದುಗು ಬರಿಸಿ ಕೊಡುದು, ಅವರವರ ಮನೆಯಲ್ಲಿ ಅವರವರು ಬೇಯಿಸಿಕೊಳ್ಳಲಿ, ಎಂತ, ಗೊತ್ತಾಯಿತಾ — ಅದಕ್ಕಿಂತ ಚೆನ್ನಾಗಿ ಅವಳು ಇವತ್ತಿಗೂ ವಿವರಿಸಲಾರಳು. ಹೆಜ್ಜೆ ಅಂತ ಅದರ ಹೆಸರು. ಬ್ರೌಸರಿನಲ್ಲಿ ಆಡುವ ಸಾಹಸದ ಆಟಗಳನ್ನು ಕಟ್ಟುವವರಿಗೆ ಬೇಕಾದ ಸಿದ್ಧ ಕೋಡು, ನೀವೊಂದು ಕೋಣೆಯ ಚಿತ್ರ ಬರೆಯಿರಿ, ಎಲ್ಲಿ ನೆಲ ಎಲ್ಲಿ ಗೋಡೆ ಅಂತ ಗುರುತು ಹಾಕಿ, ಉಳಿದದ್ದು ಹೆಜ್ಜೆ ನೋಡಿಕೊಳ್ಳುತ್ತದೆ, ಆಡುವವನು ಮೂಲೆಯ ಕಪಾಟನ್ನು ಕ್ಲಿಕ್ ಮಾಡಿದರೆ ಚಿತ್ರದೊಳಗಿನ ಮನುಷ್ಯ ಮೇಜು ಬಳಸಿಕೊಂಡು ಅಲ್ಲಿಗೆ ನಡೆದು ಹೋಗುತ್ತಾನೆ, ದೂರ ಹೋದಷ್ಟೂ ಚಿಕ್ಕವನಾಗುತ್ತಾನೆ, ಕೀಲಿಕೈ ಸಿಕ್ಕರೆ ಜೇಬಿಗೆ ಹಾಕಿಕೊಳ್ಳುತ್ತಾನೆ, ಮತ್ತು ಆ ಮನುಷ್ಯನ ಚಿತ್ರ ನಿಮ್ಮಲ್ಲಿ ಇಲ್ಲದಿದ್ದರೆ ಚಿಂತೆ ಬೇಡ, ಹೆಜ್ಜೆಯ ಜೊತೆಗೇ ಒಬ್ಬ ಬರುತ್ತಾನೆ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಹೋಟೆಲ್ ಮಾಣಿ. ಎಲ್ಲೆಲ್ಲಿಯ ಜನ ಅವನನ್ನು ಎಲ್ಲೆಲ್ಲಿಯೋ ನಡೆಸಿದ್ದಾರೆ, ಹಡಗಿನಲ್ಲಿ, ಮಂಜಿನ ಗುಡ್ಡದಲ್ಲಿ, ಪೋಲೆಂಡಿನ ಒಬ್ಬಳು ಚಂದ್ರನ ಮೇಲೆ ಬಿಟ್ಟಿದ್ದಳು, ಅಲ್ಲಿಯೂ ಅವನು ಹೆಗಲ ಬಟ್ಟೆ ಸರಿಮಾಡಿಕೊಳ್ಳುತ್ತ ಹಾಗೇ ನಡೆದ, ಬಲಗಾಲು ಒಂದು ಕ್ಷಣ ನೆಲಕ್ಕೆ ಬೀಳದೆ ಗಾಳಿಯಲ್ಲಿ ನಿಂತು, ಆಮೇಲೆ ಬಿದ್ದು.

ಮಾಣಿ ಯಾಕೆ ಅಂದರೆ ಚೆನ್ನಯನಿಗೆ ಮಾಣಿಯಾಗುವ ಆಸೆಯಿತ್ತು, ಮುಂಗೈಯಿಂದ ಮೊಣಕೈವರೆಗೆ ನಾಲ್ಕು ದೋಸೆ ಪ್ಲೇಟು ಸಾಲಾಗಿ ಇಟ್ಟುಕೊಂಡು ಮೇಜುಗಳ ನಡುವೆ ತೂರಿಕೊಂಡು ಹೋಗುವುದು, ಉಡುಪಿ ಕಡೆಯಿಂದ ದಾದರಿನ ಹೋಟೆಲಿಗೆ ಬಂದಾಗ ಮೋನಪ್ಪ ಧಣಿಗಳು ಅವನನ್ನು ಒಮ್ಮೆ ಅಡ್ಡ ನಡೆಸಿ ನೋಡಿ, ನೀನು ಗಲ್ಲಾದಲ್ಲಿ ಕೂತ್ಕೊ ಮಗ, ಸಾಂಬಾರು ಗಿರಾಕಿಯ ಪ್ಯಾಂಟಿಗೆ ಬೇಡ, ಅಂದಿದ್ದರಂತೆ, ಅದನ್ನವನು ನಗುತ್ತಲೇ ಹೇಳುತ್ತಿದ್ದ, ಚಿಕ್ಕಂದಿನಲ್ಲಿ ಸೊಂಟದ ಕೀಲಿಗೆ ಕೀವು ತುಂಬಿ ಬಲಗಾಲು ಗಿಡ್ಡವಾಗಿ ಉಳಿದದ್ದು, ಅಲ್ಲಿಂದ ಕೊನೆಯವರೆಗೂ ಗಲ್ಲಾ, ಕೊನೆಯೂ ಗಲ್ಲಾದಲ್ಲಿಯೇ, ಚಿಲ್ಲರೆ ಕೊಡುತ್ತ ಕೊಡುತ್ತ — ಬೇಡ, ಅದು ಬೇಡ, ಗೋರೆಗಾಂವ್ ಬಂತು, ಒಳಗೆ ನುಗ್ಗುವವರ ಮೊಣಕೈ, ಅರೆ ಬಾಯಿ ಅಂದರ್ ಹೋ ನಾ — ಆಗ ಯಕ್ಷಿತಾಗೆ ಐದು ವರ್ಷ, ಭಾನುವಾರಗಳು, ಹಳೆಯ ಮೆನು ಹಾಳೆಗಳ ಹಿಂಬದಿಯಲ್ಲಿ ಚೆನ್ನಯ ಸ್ಕೆಚ್ ಪೆನ್ನಿನಲ್ಲಿ ಹೋಟೆಲಿನ ಅಡುಗೆಮನೆ ಬರೆದದ್ದು, ಅದನ್ನು ಕಂಪ್ಯೂಟರಿಗೆ ಏರಿಸಿ ಮಗುವಿಗೊಂದು ಆಟ ಮಾಡುವಾ ಅಂದದ್ದು, ಸಟ್ಟುಗ ಕಳೆದುಹೋಗಿದೆ, ಮಾಣಿ ಹುಡುಕಬೇಕು, ಸಟ್ಟುಗ ಅಲ್ಲ ರೀ ಸೌಟು ಅನ್ನಿ, ಮಗು ಗೊಂದಲ ಮಾಡ್ಕೊಳ್ಳುತ್ತೆ, ಅಂತ ಅವಳು, ಮೈಸೂರಿನವರಿಗೆ ಅಡುಗೆಮನೆಯ ಮಾತು ಎಂತ ಗೊತ್ತುಂಟು, ನಿಮಗೆ ಸಾರಿಗೂ ಸಾಂಬಾರಿಗೂ ವ್ಯತ್ಯಾಸ ಇಲ್ಲ, ಅಂತ ಅವನು, ಅಡುಗೆಮನೆ ಚಿತ್ರ ಬರೆಯಲು ಬರುತ್ತೆ, ಒಂದು ದಿನವಾದರೂ ಒಲೆ ಹಚ್ಚಿದ್ದೀರಾ, ಹೀಗೆ. ಅವನು ಬರೆದ, ಅವಳು ಕೋಡು ಹೆಣೆದಳು, ಹಗಲೆಲ್ಲ ಮಲಾಡಿನಲ್ಲಿ ತಕ್ಕಡಿ ಮಾಪಕಗಳನ್ನು ಪರೀಕ್ಷಿಸಿ ಸರ್ಟಿಫಿಕೇಟು ಬರೆಯುವ ಕೆಲಸ, ಭೌತಶಾಸ್ತ್ರದ ಎಂಎಸ್ಸಿ ಅದಕ್ಕೇ ಸವೆಯುತ್ತಿತ್ತು, ಆಟ ಅವಳಿಗೂ ಆಟವಾಯಿತು, ಆದರೆ ಮಾಣಿ ನಡೆಯಲಿಲ್ಲ, ಜಾರಿದ, ಎಂಟು ಚಿತ್ರಕ್ಕೆ ಒಂದು ಸುತ್ತು, ಪ್ರತಿ ಚಿತ್ರ ಪರದೆಯಲ್ಲಿ ನಿಲ್ಲುವುದು ನೂರ ಇಪ್ಪತ್ತು ಮಿಲಿಸೆಕೆಂಡು, ಎಲ್ಲ ಸಮ, ಎಣ್ಣೆ ಹಚ್ಚಿದ ನೆಲದ ಮೇಲೆ ಜಾರಿದ ಹಾಗೆ, ಅದಕ್ಕೆ ಜೀವವಿಲ್ಲ ಅಂತ ಮಗಳೇ ಹೇಳಿದ್ದು, ಮಾಣಿ ಯಾಕೆ ಸತ್ತು ಹೋದ ಹಾಗೆ ಬರ್ತಾನೆ ಅಂತ.

ಆ ವಾರದಲ್ಲೇ ಒಂದು ಸಂಜೆ, ಘಾಟ್ಕೋಪರಿನ ಬಿಲ್ಡಿಂಗಿನ ಮೂರನೆಯ ಮಹಡಿ, ಗ್ಯಾಲರಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಳೆ, ಕೆಳಗೆ ಗೇಟಿನಿಂದ ಅವನು ಬರುತ್ತಿದ್ದಾನೆ, ಹೆಗಲಲ್ಲಿ ಚೀಲ, ಎತ್ತರದ ಅಡಿಯ ಚಪ್ಪಲಿ, ಒಂದು, ಒಂದು, ಮತ್ತು ಆ ಬಲಗಾಲು, ಮುಂದೆ ಬಂದು, ಗಾಳಿಯಲ್ಲಿ ತಡೆದು, ನೆಲ ಅಲ್ಲೇ ಇದೆಯೋ ಇಲ್ಲವೋ ಅಂತ ಕೇಳುವ ಹಾಗೆ ತಡೆದು, ಆಮೇಲೆ. ಅದೇ. ಮರುದಿನವೇ ಫೋನಿನಲ್ಲಿ ವಿಡಿಯೋ ತೆಗೆದಳು, ಅವನಿಗೆ ಗೊತ್ತಿಲ್ಲದ ಹಾಗೆ, ಒಂದೇ ಅಳತೆಯನ್ನು ನಂಬಬಾರದೆಂಬುದು ಅವಳ ಕಸುಬು, ಎಷ್ಟೋ ಸಂಜೆ ವಿಡಿಯೋ ಮಾಡಿ, ಚೌಕಟ್ಟು ಚೌಕಟ್ಟಾಗಿ ಎಣಿಸಿ, ಸರಾಸರಿ ತೆಗೆದು, ಮೂರನೆಯ ಚಿತ್ರಕ್ಕೆ ಇನ್ನೂರ ಇಪ್ಪತ್ತು ಅಂತ ಹಾಕಿದಳು, ಮಾಣಿ ಎದ್ದು ನಡೆದ. ಯಕ್ಷಿತಾ ಚಪ್ಪಾಳೆ ತಟ್ಟಿದಳು. ಚೆನ್ನಯ ಪರದೆ ನೋಡಿದ, ಮಗು ಮಲಗಿದ ಮೇಲೆ ಕೇಳಿದ, ಎಂತ ಮಾರಾಯ್ತಿ, ನನ್ನ ಕುಂಟನ್ನೂ ಅಳತೆ ಮಾಡಿದೆಯಾ, ಬೇಜಾರಾಯ್ತಾ ರೀ, ತೆಗೆದುಬಿಡ್ತೀನಿ, ತೆಗಿಬೇಡ, ಇರಲಿ, ಒಬ್ಬನಾದರೂ ನನ್ನ ಕಾಲಲ್ಲಿ ಪ್ಲೇಟು ಹಿಡ್ಕೊಂಡು ತಿರುಗಲಿ, ಆದರೆ ಒಂದು, ಅದಕ್ಕೆ ಹೇಳಬೇಡ, ಅದಕ್ಕೆ ಅಂದರೆ ಮಗಳಿಗೆ, ಅವರ ಕಡೆ ಹೆಣ್ಣುಮಕ್ಕಳು ಅದು ಇದು, ಅದಲ್ಲ ರೀ ಅವಳು, ಹಾಂ ಅವಳು, ಅದಕ್ಕೆ ಗೊತ್ತೇ ಇಲ್ಲ ನೋಡು ನಾನು ಕುಂಟ ಅಂತ. ಅಂದಾಗ ಅವನ ಮುಖ. ಅಷ್ಟು ಸಂತೋಷವನ್ನು ಅವಳು ಆ ಮುಖದಲ್ಲಿ ಬೇರೆ ಯಾವಾಗ ಕಂಡಳು. ಕೆಳಗಿನ ಮನೆಯ ಮುರಿಗೆಪ್ಪ ಅಂಕಲ್ಲರ ಮೊಮ್ಮಗ ಚೆನ್ನಯನ ಹಿಂದೆ ಹಿಂದೆ ಕಾಲೆಳೆದುಕೊಂಡು ಅಣಕಿಸುತ್ತ ಬಂದಾಗ ಯಕ್ಷಿತಾ ಚಪ್ಪಾಳೆ ಹಾಕಿ ಪಪ್ಪಾ ಅವನು ಡಾನ್ಸ್ ಮಾಡ್ತಾನೆ ಅಂದಳಂತೆ, ಊಟಕ್ಕೆ ಕೂತಾಗ ಅದನ್ನು ಎಷ್ಟು ಸಲ ಹೇಳಿದ, ಡಾನ್ಸ್ ಅಂತೆ, ಜಗತ್ತಿನಲ್ಲಿ ಒಂದು ಜನ ಉಂಟು ನನಗೆ, ನನ್ನ ಕಾಲು ಕಾಣದ್ದು.

ರಾಹುಲ್ ಇವತ್ತು ಚಹಾದ ಹೊತ್ತಿಗೆ ಬಂದು ಮೇಜಿಗೆ ಆನಿಕೊಂಡು ನಿಂತಿದ್ದ, ಆಫೀಸಿನ ಹುಡುಗ, ಬೆಂಗಳೂರಿನವನು, ಬಿಡುವಿನಲ್ಲಿ ಲೈಬ್ರರಿಯ ಕೆಲಸಕ್ಕೂ ಕೈ ಹಾಕುತ್ತಾನೆ, ಮೇಡಂ ಯಕ್ಷಿತಾದು ಬಂದಿದೆ ಅಲ್ವಾ, ಮಸ್ತ್, ನಾನಿನ್ನೂ ಓಪನ್ ಮಾಡಿಲ್ಲ, ಹೆಡ್ಡಿಂಗ್ ಮಾತ್ರ ನೋಡ್ದೆ, ಫೈನಲಿ ಆ ಮಾಣಿ ಕಾಲು ಸರಿ ಹೋಗುತ್ತೆ, ಎಷ್ಟು ಜನ ಕಂಪ್ಲೇಂಟ್ ಮಾಡಿದ್ರು, ನೀವು ಪ್ರತಿ ಸಲ ಅದೇ ಉತ್ತರ, ಉದ್ದೇಶಪೂರ್ವಕ, ಬದಲಾಯಿಸುವುದಿಲ್ಲ, ಒಳ್ಳೆ ಸರ್ಕಾರಿ ಆಫೀಸಿನ ಹಾಗೆ, ಈಗ ಮಗಳೇ ಕಳ್ಸಿದ್ದಾಳೆ, ಏನ್ಮಾಡ್ತೀರಾ, ಅದಕ್ಕೂ ಸೀಲು ಒತ್ತುತ್ತೀರಾ. ನಕ್ಕ. ಅವಳೂ ನಕ್ಕಳು. ಅವನಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ದೂರು ಹೇಳಿದವರಿಗೆ ಏನು ಗೊತ್ತು, ನಿಮ್ಮ ಪಾತ್ರ ಹೆಜ್ಜೆ ತಪ್ಪುತ್ತದೆ, ನಿಮ್ಮ ಎಣಿಕೆಯಲ್ಲಿ ದೋಷವಿದೆ, ನನ್ನ ನಾಯಕ ವೀರ, ಹೀಗೆ ಎಡವಬಾರದು, ಒಬ್ಬೊಬ್ಬರದೂ ಒಂದೊಂದು ರೀತಿ, ಅವರಿಗೆಲ್ಲ ಸೀಲು ಒತ್ತುವುದು ಸುಲಭ, ಅವರು ಅಪರಿಚಿತರು, ಕಾರಣ ಕೇಳಿದರೂ ಹೇಳಬೇಕಾಗಿಲ್ಲ. ಮಗಳು ಕಾರಣ ಕೇಳುತ್ತಾಳೆ. ಕೇಳಿದರೆ ಎರಡೇ ದಾರಿ, ಒಂದು ಸುಳ್ಳು, ಇನ್ನೊಂದು, ನೋಡು ಪುಟ್ಟಿ, ನಿನ್ನ ಅಪ್ಪ ಕುಂಟುತ್ತಿದ್ದರು, ನೀನು ದೋಷ ಅಂತ ಕರೆದದ್ದು ಅವರ ಕಾಲು. ಹಾಗೆ ಹೇಳಿದ ಕ್ಷಣದಿಂದ ಆ ಹುಡುಗಿಯ ನೆನಪಿನಲ್ಲಿ ಅವನು ಕುಂಟತೊಡಗುತ್ತಾನೆ, ಶಾಲೆಯ ಗೇಟಿನಲ್ಲಿ ಕುಂಟುತ್ತಾನೆ, ಸಮುದ್ರದಂಡೆಯಲ್ಲಿ ಕುಂಟುತ್ತಾನೆ, ಜಗತ್ತಿನಲ್ಲಿ ಅವನಿಗಿದ್ದ ಆ ಒಂದು ಜನ ಇಲ್ಲವಾಗುತ್ತದೆ. ಹೇಳದೆ ಹೌದು ಅಂದರೆ ಮಾಣಿ ಸಪಾಟಾಗಿ ನಡೆಯುತ್ತಾನೆ, ಎಂಟು ಚಿತ್ರ, ಎಲ್ಲ ಸಮ, ಆ ಕಾಲು ಇನ್ನು ಗಾಳಿಯಲ್ಲಿ ತಡೆಯುವುದಿಲ್ಲ.

ಫೋನು. ಕೈಯಲ್ಲೇ ನಡುಗಿತು. ಅಮ್ಮಾ, ದೇಖಾ ಕ್ಯಾ. ಇನ್ನೂ ನೋಡಿಲ್ಲ ಪುಟ್ಟಿ, ಟ್ರೈನಲ್ಲಿದ್ದೀನಿ, ರಶ್ ಇದೆ. ಯಾರ್ ಅಮ್ಮ, ಮಧ್ಯಾಹ್ನದಿಂದ ವೇಟ್ ಮಾಡ್ತಾ ಇದೆ ನಾನು. ಮಾಡ್ತಾ ಇದ್ದೀನಿ ಅನ್ನು. ಹಾಂ ವಹೀ, ಮಾಡ್ತಾ ಇದ್ದೀನಿ, ನೀನು ಗ್ರಾಮರ್ ಆಮೇಲೆ ಚೆಕ್ ಮಾಡು, ಮೊದಲು ನನ್ನ ಕೋಡ್ ಚೆಕ್ ಮಾಡು. ಮನೆಗೆ ಬಂದು ನೋಡಿದ್ರೆ ಆಗಲ್ವಾ. ಏಳಕ್ಕೆ ರಿಲೀಸ್ ಹೈ ನಾ, ನೀನು ಬರೋದು ಆರೂ ಮುಕ್ಕಾಲು, ಆಮೇಲೆ ಕೈಕಾಲು ತೊಳೀತೀನಿ ದೀಪ ಹಚ್ತೀನಿ ಅಂತ ಶುರು ಮಾಡ್ತಿ, ಐ ನೋ ಯು. ದೀಪ ನೀನೇ ಹಚ್ಚು ಒಂದಿನ. ಹಚ್ಚಿ ಆಯ್ತು. ಹಚ್ಚಿ ಆಯ್ತು ಅಂದಳು, ಅದು ಹೊಸದು, ಪಕ್ಕದವಳ ಛತ್ರಿಯ ತುದಿ ಪಾದ ಚುಚ್ಚುತ್ತಿದೆ, ಅಮ್ಮ ಇದ್ದೀಯಾ, ಇದ್ದೀನಿ, ನೀನು ಬೇಡ ಅಂತ ಹೇಳಲ್ಲ ಅಲ್ಲ, ನೋಡದೆ ಹೇಗೆ ಹೇಳಲಿ, ಪಪ್ಪ ಇದ್ದಿದ್ರೆ ನೋಡದೆ ಹಾಂ ಅಂತಿದ್ರು. ನಿಮ್ಮ ಪಪ್ಪ ಕೋಡ್ ಓದ್ತಾ ಇರ್ಲಿಲ್ಲ. ಅದಕ್ಕೇ ಹಾಂ ಅಂತಿದ್ರು. ನಕ್ಕಳು ಹುಡುಗಿ, ಅವನದೇ ನಗು, ಗಂಟಲಿನ ಹಿಂದಿನಿಂದ ಬರುವ ನಗು, ಲೈನು ಕಡಿಯಿತು, ಜೋಗೇಶ್ವರಿ ದಾಟಿ ಸುರಂಗವಿಲ್ಲ ಏನಿಲ್ಲ, ಆದರೂ ಅಲ್ಲಿ ಯಾವಾಗಲೂ ಕಡಿಯುತ್ತದೆ.

ಅಂಧೇರಿಯಲ್ಲಿ ಜನರೇ ಇಳಿಸಿದರು, ಜನರೇ ಮೆಟ್ಟಿಲು ಹತ್ತಿಸಿದರು, ಮೆಟ್ರೋದ ಕಾರ್ಡು ತಾಗಿಸಿ ಒಳಗೆ, ಎರಡು ಗಾಡಿ ಬಿಟ್ಟು ಮೂರನೆಯದರಲ್ಲಿ ನಿಲ್ಲಲು ಜಾಗ, ಎಸಿ ಗಾಳಿಯಲ್ಲಿ ಬೆವರು ಆರುವಾಗ ಕುತ್ತಿಗೆಯ ಹಿಂದೆ ತಣ್ಣಗೆ, ಎದುರಿನ ಗಾಜಿನಲ್ಲಿ ತನ್ನದೇ ಮುಖ, ಅದರಾಚೆ ಯಾರದೋ ಅಡುಗೆಮನೆಗಳು ಸಾಲಾಗಿ ಹಾದುಹೋಗುತ್ತವೆ, ಚಕಾಲಾ, ಏರ್‌ಪೋರ್ಟ್ ರೋಡ್, ಬಾಗಿಲ ಬಳಿ ಒಬ್ಬ ಅಪ್ಪ ಮಗಳ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾನೆ, ಚೆನ್ನಯ ಕೋಲು ಹಿಡಿಯಲಿಲ್ಲ, ಡಾಕ್ಟರು ಹೇಳಿದರೂ ಹಿಡಿಯಲಿಲ್ಲ, ಹೆಂಡತಿಯ ತೋಳನ್ನೂ ಹಿಡಿಯಲಿಲ್ಲ, ಹೆಂಡತಿಯ ತೋಳು ಹಿಡಿದರೆ ಆಸರೆ ಅಂತ ಜನಕ್ಕೆ ಗೊತ್ತಾಗುತ್ತದೆ, ಮಗಳ ಹೆಗಲಾದರೆ ಪ್ರೀತಿ, ಅವಳು ಕೈಗೆಟಕುವಷ್ಟು ಎತ್ತರವಾದ ದಿನದಿಂದ ಬಲಗೈ ಅಲ್ಲಿಯೇ, ದಾದರಿನ ಬ್ರಿಜ್ಜಿನ ಮೇಲೆ ಸಾವಿರ ಜನರ ನಡುವೆ ಅಪ್ಪ ಮಗಳು, ಧಾತ್ರಿ ಹಿಂದೆ ಚೀಲ ಹೊತ್ತುಕೊಂಡು, ಅವಳಿಗೆ ಗೊತ್ತಿತ್ತು ಆ ಕೈ ಎಷ್ಟು ಭಾರ ಹಾಕುತ್ತಿದೆಯೆಂದು, ತೂಕದ ಕೆಲಸದವಳು, ಕಣ್ಣಲ್ಲೇ ಗೊತ್ತಾಗುತ್ತದೆ, ಹುಡುಗಿಯ ಎಡ ಹೆಗಲು ಒಂದಿಷ್ಟು ತಗ್ಗುತ್ತಿತ್ತು, ಪಪ್ಪಾ ನಿನ್ನ ಕೈ ಭಾರ ಅಂತ ಆ ಹುಡುಗಿ ಒಂದು ದಿನವೂ ಅಂದದ್ದಿಲ್ಲ, ಭಾರ ಅಂತ ಗೊತ್ತಾಗಿರಲಿಕ್ಕಿಲ್ಲ, ಮಕ್ಕಳಿಗೆ ಅಪ್ಪನ ಕೈ ಎಷ್ಟಿರುತ್ತದೋ ಅಷ್ಟೇ ಎಲ್ಲ ಅಪ್ಪಂದಿರ ಕೈಯ ಭಾರ. ಮಾತು ಕೊಟ್ಟಾಗಿದೆ. ಸತ್ತವನಿಗೆ ಕೊಟ್ಟ ಮಾತು ಬದುಕಿದ್ದವನಿಗೆ ಕೊಟ್ಟದ್ದಕ್ಕಿಂತ ಗಟ್ಟಿ ಯಾಕೆ, ಬಿಡುಗಡೆ ಮಾಡುವವನೇ ಇಲ್ಲ, ಬೇಡ ಮಾರಾಯ್ತಿ ಈಗ ಹೇಳು ಪರವಾಗಿಲ್ಲ ಅಂತ ಅವನು ಅನ್ನಬೇಕು, ಅನ್ನಲಾರ. ಮರೋಳ್ ನಾಕಾ, ಸಾಕಿನಾಕಾ, ಹಾಗಾದರೆ ಏನು, ನಡಿಗೆ ಉಳಿಸಿದರೆ ಮಾತು ಮುರಿಯುತ್ತದೆ, ಮಾತು ಉಳಿಸಿದರೆ ನಡಿಗೆ ಅಳಿಯುತ್ತದೆ, ಎರಡೂ ಅವನದೇ, ಯಾವುದು ಹೆಚ್ಚು ಅವನದು, ತಕ್ಕಡಿಗೆ ಹಾಕಿ ನೋಡುವಂಥದ್ದಲ್ಲ, ಹಾಕಿ ನೋಡುತ್ತಿದ್ದಾಳೆ, ಅಸಲ್ಫಾದ ಗುಡ್ಡದ ಬಣ್ಣದ ಮನೆಗಳಲ್ಲಿ ದೀಪಗಳು ಹತ್ತುತ್ತಿವೆ, ಒಂದು ಮೆಟ್ಟಿಲಲ್ಲಿ ಕೊಡ ಹೊತ್ತು ಹತ್ತುತ್ತಿರುವ ಯಾರದೋ ಕಾಲು, ಎತ್ತಿದ ಕಾಲು, ಮೆಟ್ಟಿಲಿಗೆ ಇನ್ನೂ ಬಿದ್ದಿಲ್ಲ, ಗಾಡಿ ಮುಂದೆ ಹೋಯಿತು, ಬಿತ್ತೋ ಇಲ್ಲವೋ.

ಘಾಟ್ಕೋಪರ್. ಕೊನೆಯ ನಿಲ್ದಾಣ, ಎಲ್ಲರೂ ಇಳಿಯಲೇಬೇಕು, ಎಲ್ಲರೂ ಇಳಿದರು, ಮೆಟ್ರೋದಿಂದ ಸೆಂಟ್ರಲ್ ಲೈನಿಗೆ ಹೋಗುವ ಬ್ರಿಜ್ಜಿನ ಮೇಲೆ ಜನರ ಹೊಳೆ, ಅವಳು ಗೋಡೆಗೆ ಸರಿದು ನಿಂತಳು, ಜಾಹೀರಾತಿನ ಹಲಗೆಯ ಬೆಳಕು ಮುಖದ ಮೇಲೆ, ಮನೆಗೆ ಹೋಗುವ ಮುಂಚೆಯೇ ಮುಗಿಸಬೇಕು, ಹುಡುಗಿಯ ಮುಖ ನೋಡಿದರೆ ಆಗುವುದಿಲ್ಲ, ಇಲ್ಲ, ಅಳಿಸಲು ಬಿಡುವುದಿಲ್ಲ, ಅಂತ ಅನ್ನಿಸಿತು, ಅನ್ನಿಸಿದ್ದಲ್ಲ, ಕೈಯೇ ನಿರ್ಧಾರ ಮಾಡಿದ ಹಾಗೆ ಬೆರಳು ಪರದೆ ಬೆಳಗಿಸಿತು, ಅದೇ ಹಳೆಯ ಉತ್ತರ, ಉದ್ದೇಶಪೂರ್ವಕ, ಬದಲಾಯಿಸುವುದಿಲ್ಲ, ಅಪರಿಚಿತರಿಗೆ ಕೊಟ್ಟ ಹಾಗೆ ಮಗಳಿಗೂ, ಕೋಪಿಸಿಕೊಳ್ಳಲಿ, ಒಂದು ವಾರ ಮಾತು ಬಿಡಲಿ, ಅವಳಲ್ಲಿ ಅಪ್ಪ ಕುಂಟುವುದಿಲ್ಲ, ಕೋಡಿನಲ್ಲಿ ಕುಂಟುತ್ತಾನೆ, ಎರಡೂ ಉಳಿಯುತ್ತವೆ, ನಡುವೆ ಹಾಳಾಗುವುದು ಅಮ್ಮ ಮಗಳ ನಂಬಿಕೆ ಅಷ್ಟೇ, ಅಷ್ಟೇ ಅಂತ ಅಂದುಕೊಳ್ಳುತ್ತಿದ್ದಾಳೆ, ಕೆಂಪು ಸಾಲು ಬಂತು, ಮೂರನೆಯ ಚಿತ್ರ, ಇನ್ನೂರ ಇಪ್ಪತ್ತು, ಅದನ್ನು ದಾಟಬೇಕು, ಉತ್ತರ ಬರೆಯುವ ಜಾಗ ಪುಟದ ತಳದಲ್ಲಿ, ಹೌದು ಅನ್ನುವುದಕ್ಕೂ ಅಲ್ಲ ಅನ್ನುವುದಕ್ಕೂ ತಳಕ್ಕೇ ಹೋಗಬೇಕು, ಕಣ್ಣು ಅರೆಮುಚ್ಚಿ ಬೆರಳಿನಿಂದ ಮೇಲಕ್ಕೆ ತಳ್ಳಿದಳು, ಹಸಿರು, ನೂರ ಇಪ್ಪತ್ತು ಇರಬೇಕು, ಎಲ್ಲ ಸಮ, ನೂರ ಇಪ್ಪತ್ತು ಇರಲಿಲ್ಲ. ಇನ್ನೂ ಹಸಿರು. ಅಷ್ಟೊಂದು ಹಸಿರು ಯಾಕೆ. ಒಂದು ಸಾಲು ಅಳಿಸಲು ಇಷ್ಟು ಬರೆಯಬೇಕಾಗಿಲ್ಲ, ಅವಳು ಓದತೊಡಗಿದಳು, ಪರೀಕ್ಷಕಿಯ ಕಣ್ಣಿನಿಂದ ಓದತೊಡಗಿದಳು, ಪಾತ್ರ ಬಲಕ್ಕೆ ನಡೆಯುತ್ತಿದ್ದರೆ ಮೂರನೆಯ ಚಿತ್ರ ತಡೆಯಲಿ, ಎಡಕ್ಕೆ ನಡೆಯುತ್ತಿದ್ದರೆ ಏಳನೆಯದು, ಏಳನೆಯದು ಯಾಕೆ, ಏಳನೆಯದರಲ್ಲಿ ಮುಂದೆ ಬರುವುದು ಇನ್ನೊಂದು ಕಾಲು, ಇನ್ನೊಂದು — ದೇವರೇ. ಚೆನ್ನಯ ಮಾಣಿಯನ್ನು ಬಲಕ್ಕೆ ನಡೆಯುವಂತೆ ಮಾತ್ರ ಬರೆದಿದ್ದ, ಎಡಕ್ಕೆ ನಡೆಸಲು ಅವಳು ಅದೇ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿದ್ದಳು, ಕೆಲಸ ಉಳಿಯಲಿ ಅಂತ, ಕನ್ನಡಿಯಲ್ಲಿ ಬಲ ಎಡವಾಗುತ್ತದೆ ಅನ್ನುವುದು ಮಕ್ಕಳಿಗೂ ಗೊತ್ತು, ಇಷ್ಟು ವರ್ಷ ಮಾಣಿ ಬಲಕ್ಕೆ ಹೋಗುವಾಗ ಬಲಗಾಲಲ್ಲಿ ಕುಂಟಿದ, ಎಡಕ್ಕೆ ತಿರುಗಿದ ಕೂಡಲೇ ಎಡಗಾಲಲ್ಲಿ, ಎರಡು ಕಾಲಿನ ಕುಂಟ, ಅದನ್ನು ಜಗತ್ತಿನ ಯಾರೂ ಕಂಡಿಲ್ಲ, ಅವಳೂ ಕಂಡಿಲ್ಲ.

ತಳದಲ್ಲಿ ಹುಡುಗಿಯ ಟಿಪ್ಪಣಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಅವಳ ಒಡಕು ಕನ್ನಡ, ಅಮ್ಮ ಇದು ನೀನು ಬೇಕು ಅಂತಲೇ ಮಾಡಿದ್ದು ಅಂತ ಗೊತ್ತು ನನಗೆ, ಆದ್ರೆ ಮಾಣಿ ಲೆಫ್ಟಿಗೆ ಹೋದ್ರೆ ಕಾಲು ಚೇಂಜ್ ಆಗುತ್ತೆ, ಅದು ಬಗ್, ಪಪ್ಪಂದು ಯಾವಾಗಲೂ ಬಲಗಾಲು, ನಾನು ಆ ಸೈಡ್ ನಡೀತಿದ್ದೆ ನಾ, ಹೆಗಲ ಮೇಲೆ ಅವರ ಕೈಯಲ್ಲಿ ಗೊತ್ತಾಗುತ್ತಿತ್ತು, ಮೊದಲು ಭಾರ ಇಲ್ಲ, ಆಮೇಲೆ ಒಂದು ಸ್ಟಾಪ್, ಆಮೇಲೆ ಭಾರ. ಇನ್ನೊಂದು, ನಿನ್ನ ಹಳೆ ವಿಡಿಯೋ ನೋಡಿದೆ, ನಿನ್ನ ನಂಬರ್ ಗೇಟ್‌ದು, ಎತ್ತರ ಚಪ್ಪಲ್‌ದು, ಮಾಣಿ ಚಪ್ಪಲ್ ಹಾಕಲ್ಲ, ಪಪ್ಪ ಅವನನ್ನ ಬರಿಗಾಲಲ್ಲಿ ಬರೆದಿದ್ದಾರೆ, ನೋಡು, ಅಡುಗೆಮನೆ ಅಂತ, ಬರಿಗಾಲಲ್ಲಿ ಸ್ಟಾಪ್ ಜಾಸ್ತಿ, ನನ್ನ ಹತ್ರ ಮನೆ ಹಾಲ್‌ನಲ್ಲಿ ಪಪ್ಪ ನಡೆಯೋ ವಿಡಿಯೋ ತುಂಬ ಇದೆ, ಎಲ್ಲದರಲ್ಲೂ ಅಳತೆ ಮಾಡಿ ಆವರೇಜ್ ತೆಗೆದೆ, ಒಂದು ರೀಡಿಂಗ್ ನಂಬಬಾರದು ಅಂತ ನೀನೇ ಹೇಳ್ತಿ, ಪಪ್ಪನಿಗೆ ಹೇಳಿರಲಿಲ್ಲ ನಾನು, ಅವರಿಗೆ ಖುಷಿ ಇತ್ತು ನನಗೆ ಗೊತ್ತಿಲ್ಲ ಅಂತ.

ಜನ ಹೋಗುತ್ತಿದ್ದಾರೆ, ಹೆಗಲುಗಳು ಚೀಲಗಳು ತಾಗುತ್ತಿವೆ, ಸೈಡ್ ಪ್ಲೀಸ್, ಸರ್ಕಾ ನಾ ತಾಯಿ, ಒಪ್ಪಿದೆ ಎಂಬ ಗುಂಡಿಯನ್ನು ಬೆರಳು ಯಾವಾಗ ಒತ್ತಿತೋ, ಹುಡುಗಿ ಟಿಪ್ಪಣಿಯ ಕೆಳಗೆ ನೋಡಲೆಂದು ಒಂದು ಪುಟ್ಟ ಪ್ರಯೋಗದ ಪುಟವನ್ನೂ ಇಟ್ಟಿದ್ದಾಳೆ, ಖಾಲಿ ನೆಲ, ಮಾಣಿ, ಬೇರೇನೂ ಇಲ್ಲ, ಧಾತ್ರಿ ಎಡ ಮೂಲೆಯನ್ನು ಮುಟ್ಟಿದಳು, ಮಾಣಿ ತಿರುಗಿದ, ಹೆಗಲ ಬಟ್ಟೆ ಸರಿಮಾಡಿಕೊಂಡ, ಎಡಕ್ಕೆ ನಡೆಯತೊಡಗಿದ, ಎಡಗಾಲು ಬಿತ್ತು, ಸಲೀಸಾಗಿ ಬಿತ್ತು, ಅದರ ಮರೆಯಿಂದ, ಆಚೆ ಬದಿಯಿಂದ, ಬಲಗಾಲು ಮುಂದೆ ಬಂತು, ಬರಿಯ ಪಾದ, ಬಂದು ತಡೆಯಿತು, ಅವಳು ಮತ್ತೆ ಮುಟ್ಟಿದಳು, ಮತ್ತೆ ಬಂತು, ಮತ್ತೆ ತಡೆಯಿತು, ಮನೆಯ ಹಾಲ್‌ನ ತಣ್ಣನೆಯ ಟೈಲ್ಸಿನ ಮೇಲೆ, ನೆಲಕ್ಕಿಂತ ಒಂದು ಬೆರಳು ಮೇಲೆ, ಮತ್ತೆ, ಬಲಗಾಲು, ಗಾಳಿಯಲ್ಲಿ, ಇನ್ನೂ ಬೀಳದೆ, ಇನ್ನೂರ ಅರವತ್ತೆಂಟು ಮಿಲಿಸೆಕೆಂಡು.